ಇರುವೆಯ ಗೂಡಿನಲ್ಲಿ ದೊಡ್ಡವರು, ಚಿಕ್ಕವರು

ಹೊಳೆನರಸೀಪುರದಿಂದ ಚನ್ನರಾಯಪಟ್ಟಣದ ಕಡೆಗೆ ಹೋಗುವ ದಾರಿಯಲ್ಲಿ, ರಸ್ತೆಗೆ ಹೊಂದಿಕೊಂಡಿರುವ ಒಂದು ಹೊಲದ ಕಣದ ಬಳಿ, ಪುಷ್ಯಮಾಸದ ಒಂದು ಬೆಳಗ್ಗೆ ನಾವು ಅರ್ಧ ಗಂಟೆಗೂ ಹೆಚ್ಚು ಕಾಲ ಕುಕ್ಕರುಗಾಲಿನಲ್ಲಿ ಕುಳಿತಿದ್ದೆವು. ಈಗ ಎಷ್ಟೋ ಊರುಗಳಲ್ಲಿ ಟಾರು ರಸ್ತೆಯೇ ಕಣವಾಗಿಬಿಟ್ಟಿದೆ. ತೆನೆಯನ್ನು ಹರಡಿದರೆ ಹೋಗಿಬರುವ ವಾಹನಗಳೇ ರೋಣಗಲ್ಲಿನ ಕೆಲಸವನ್ನು ಮಾಡಿಕೊಡುತ್ತವೆ. ಆದರೆ ಈ ಹೊಲದ ಯಜಮಾನರು ಹಳೆಯ ಪದ್ಧತಿಯನ್ನು ಬಿಟ್ಟವರಲ್ಲ. ಸಗಣಿಯಿಂದ ಸಾರಿಸಿದ ಅವರ ಕಣದಲ್ಲಿ ರಾಗಿಯ ಒಕ್ಕಣೆ ಹಿಂದಿನ ದಿನವಷ್ಟೇ ಮುಗಿದಿತ್ತು. ಅಂಚಿನಲ್ಲಿ ಚೆಲ್ಲಿಹೋಗಿದ್ದ ಕಾಳನ್ನು ಇರುವೆಗಳ ಒಂದು ಸಾಲು ಹೊತ್ತುಕೊಂಡು ಹೋಗುತ್ತಿತ್ತು. ನಮ್ಮನ್ನು ಕೂರಿಸಿದ್ದು ಆ ಸಾಲು.

ಅದರಲ್ಲಿದ್ದ ನೂರಾರು ಇರುವೆಗಳಲ್ಲಿ ಹೆಚ್ಚಿನವು ಎರಡು ಮೂರು ಮಿಲಿಮೀಟರಿಗಿಂತ ಉದ್ದವಿರಲಾರವು. ಅವುಗಳ ನಡುನಡುವೆ, ಮದುವೆಯ ದಿಬ್ಬಣದಲ್ಲಿ ರುಮಾಲು ಸುತ್ತಿದ ಹಿರಿಯರಂತೆ, ದೊಡ್ಡ ತಲೆಯ ಒಂದೊಂದು ಇರುವೆ ನಡೆದುಬರುತ್ತಿತ್ತು. ತಲೆಯೆಂದರೆ ಎಂಥ ತಲೆ! ಅದನ್ನು ಹೊತ್ತ ಮೈಯೇ ಅದರ ಮುಂದೆ ಸಣ್ಣದಾಗಿ ಕಾಣುತ್ತಿತ್ತು.

ಯಜಮಾನರ ಮೊಮ್ಮಗ, ಎಂಟು ವರ್ಷದ ಹುಡುಗ, ನಮ್ಮ ಸಂದೇಹವನ್ನು ಕೂಡಲೇ ಪರಿಹರಿಸಿದ. “ದೊಡ್ಡದು ಅಪ್ಪ. ಸಣ್ಣವೆಲ್ಲ ಮಕ್ಳು.”

“ಅಪ್ಪನೂ ಅಲ್ಲ, ಮಕ್ಳೂ ಅಲ್ಲ ಕಣ್ಲಾ,” ಎಂದರು ಅಜ್ಜ. “ಅದು ಸಿಪಾಯಿ, ಇವು ಕೂಲಿ. ಹುಟ್ತಲೇ ಹಂಗೆ. ನೋಡಿ ಸ್ವಾಮಿ, ಇರುವೇಲೂ ದೊಡ್ಡೋರು ಚಿಕ್ಕೋರು ಅಂತ ಭಗವಂತ ಮಾಡವ್ನೆ.”

ಎರಡು ಉತ್ತರಗಳೂ ಸರಿಯಲ್ಲ. ಹುಡುಗನ ತಪ್ಪನ್ನು ತಿದ್ದುವುದು ಸುಲಭ. ಅಜ್ಜನವರ ಮಾತಿನಲ್ಲಿರುವ ತಪ್ಪನ್ನು ಬಿಡಿಸಿಕೊಳ್ಳುವುದಕ್ಕೆ ವಿಜ್ಞಾನಿಗಳಿಗೂ ಬಹುಕಾಲ ಹಿಡಿಯಿತು.

ಮೊದಲು ಹುಡುಗನ ಮಾತನ್ನೇ ನೋಡೋಣ. ಕರು ಬೆಳೆದು ಹಸುವಾಗುತ್ತದೆ. ಆದ್ದರಿಂದ ಸಣ್ಣ ಇರುವೆ ಬೆಳೆದು ದೊಡ್ಡ ಇರುವೆಯಾಗುತ್ತದೆಂದು ಭಾವಿಸುವುದು ಸಹಜ. ಆದರೆ ಇರುವೆಯ ಬಾಳು ಚಿಟ್ಟೆಯ ಬಾಳಿನಂತೆ ನಾಲ್ಕು ಅವಸ್ಥೆಗಳದ್ದು: ಮೊಟ್ಟೆ, ಮರಿಹುಳು, ಕೋಶ, ಕೊನೆಗೆ ಆರು ಕಾಲಿನ ಇರುವೆ. ಮರಿಹುಳುವಿಗೆ ಕಾಲಿಲ್ಲ, ಅದು ಬಾಯಿ ತೆರೆದುಕೊಂಡು ಬಿದ್ದಿರುತ್ತದೆ, ದಾದಿಯರು ಉಣ್ಣಿಸಬೇಕು. ಬೆಳವಣಿಗೆಯೆಲ್ಲ ಅಲ್ಲಿಗೇ ಮುಗಿಯಿತು. ಕೋಶದಿಂದ ಹೊರಬಿದ್ದ ಇರುವೆಯ ಹೊರಕವಚ ಒಮ್ಮೆ ಗಟ್ಟಿಯಾಯಿತೆಂದರೆ ಅದು ಮತ್ತೆ ಪೊರೆ ಬಿಡುವುದೂ ಇಲ್ಲ, ಕೂದಲೆಳೆಯಷ್ಟು ಬೆಳೆಯುವುದೂ ಇಲ್ಲ. ಹೊಟ್ಟೆ ತುಂಬ ಸಿಹಿರಸ ಕುಡಿದಾಗ ಹಿಂಭಾಗ ಉಬ್ಬಬಹುದು. ಅದು ಊಟದ ಮಹಿಮೆಯೇ ಹೊರತು ಬೆಳವಣಿಗೆಯಲ್ಲ. ಹಾಗಾಗಿ ಸಣ್ಣ ಇರುವೆ ಎಳೆಯದಲ್ಲ, ದೊಡ್ಡದು ಮುದಿಯದೂ ಅಲ್ಲ. ನಾವು ಕಂಡ ಸಾಲಿನಲ್ಲಿ ಸಣ್ಣದೊಂದು ದೊಡ್ಡ ತಲೆಯದಕ್ಕಿಂತ ವಯಸ್ಸಿನಲ್ಲಿ ಹಿರಿಯದಾಗಿದ್ದರೂ ಇದ್ದೀತು.

ಅಪ್ಪನ ಮಾತಂತೂ ದೂರವೇ ಉಳಿಯಿತು. ದುಡಿಯುವ ಇರುವೆಗಳೆಲ್ಲ ಹೆಣ್ಣು. ಗಂಡಿಗೆ ರೆಕ್ಕೆಯುಂಟು, ಗಾಳಿಯಲ್ಲಿ ರಾಣಿಯೊಡನೆ ಕೂಡುವುದಷ್ಟೇ ಅದರ ಕೆಲಸ, ಆಮೇಲೆ ಬೇಗನೆ ಸಾಯುತ್ತದೆ. ರಾಣಿ ಆ ಒಂದು ಕಾಲದಲ್ಲಿ ಪಡೆದ ವೀರ್ಯವನ್ನು ಮೈಯೊಳಗೆ ಕಾಪಾಡಿಕೊಂಡು ವರ್ಷಗಟ್ಟಲೆ ಮೊಟ್ಟೆಯಿಡುತ್ತಾಳೆ. ಫಲಿತ ಮೊಟ್ಟೆಯಿಂದ ಹೆಣ್ಣು, ಫಲಿತವಾಗದ ಮೊಟ್ಟೆಯಿಂದ ಗಂಡು. ಎಂದ ಮೇಲೆ ಕಣದ ಅಂಚಿನ ಆ ದೊಡ್ಡ ತಲೆಯದು ಸಣ್ಣವಕ್ಕೆ ಅಪ್ಪನಲ್ಲ, ಅಕ್ಕನೋ ತಂಗಿಯೋ ಆಗಬೇಕು.

ಇಲ್ಲಿ ಒಂದು ಮಾತನ್ನು ಹೇಳಿ ಮುಂದೆ ಹೋಗಬೇಕು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಸುಮಾರು 981ರಲ್ಲಿ ನಿಂತ ಗೊಮ್ಮಟನ ಕಾಲುಗಳ ಪಕ್ಕದಲ್ಲಿ ಶಿಲ್ಪಿ ಹುತ್ತಗಳನ್ನು ಕಡೆದಿದ್ದಾನೆ. ಅವುಗಳಿಂದ ಹಾವುಗಳು ತಲೆಹಾಕುತ್ತಿವೆ. ಇದನ್ನು ಇರುವೆಯ ಹುತ್ತವೆಂದು ಹೇಳುವವರುಂಟು. ಹುತ್ತ ಕಟ್ಟುವುದು ಗೆದ್ದಲು, ಇರುವೆಯಲ್ಲ. ಮೊದಲ ಮಳೆಗೆ ಏಳುವ ಈಸಲೂ ಗೆದ್ದಲಿನದೇ. ಗೆದ್ದಲಿನಲ್ಲಿಯೂ ದೊಡ್ಡ ತಲೆಯ ಸಿಪಾಯಿಗಳಿದ್ದಾರೆ, ನಿಜ. ಆದರೆ ಗೆದ್ದಲು ಜಿರಲೆಯ ನೆಂಟ, ಇರುವೆ ಕಣಜದ ನೆಂಟ. ಗೆದ್ದಲಿನ ದುಡಿಮೆಗಾರರಲ್ಲಿ ಗಂಡೂ ಉಂಟು, ಹೆಣ್ಣೂ ಉಂಟು. ಎರಡು ವಂಶಗಳೂ ಬೇರೆಬೇರೆಯಾಗಿಯೇ ಒಂದೇ ಉಪಾಯವನ್ನು ಕಂಡುಕೊಂಡವು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ: ಈ ನಾಲ್ಕು ತಾಲ್ಲೂಕುಗಳಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಂದಂತೆ ಮಳೆ ಇಳಿಯುತ್ತದೆ. ಒಂದು ಕಡೆ ಮಲೆನಾಡಿನ ಸೆರಗು, ಇನ್ನೊಂದು ಕಡೆ ರಾಗಿ ತೆಂಗುಗಳ ಬಯಲು. ಆದ್ದರಿಂದ ಇರುವೆಗಳಲ್ಲಿ ದೊಡ್ಡದು ಸಣ್ಣದು ಎಂಬ ಭೇದದ ಬೇರೆಬೇರೆ ಮಾದರಿಗಳನ್ನು ನೋಡಬೇಕೆನ್ನುವವನು ಬಹುದೂರ ಅಲೆಯಬೇಕಾಗಿಲ್ಲ.

ಕಣದಲ್ಲಿ ನಾವು ಕಂಡದ್ದು ಫೈಡೋಲ್ ಎಂಬ ಕುಲದ ಇರುವೆ. ಪ್ರಪಂಚದಲ್ಲಿ ಇದುವರೆಗೆ ಹೆಸರಿಟ್ಟಿರುವ 14,000ಕ್ಕೂ ಹೆಚ್ಚು ಇರುವೆ ಪ್ರಭೇದಗಳಲ್ಲಿ ಸಾವಿರಕ್ಕೂ ಮಿಕ್ಕವು ಈ ಒಂದೇ ಕುಲಕ್ಕೆ ಸೇರಿದವು. ಇವುಗಳಲ್ಲಿ ಬಹುಮಟ್ಟಿಗೆ ಎರಡೇ ಅಚ್ಚು: ಸಣ್ಣದು ಮತ್ತು ದೊಡ್ಡ ತಲೆಯದು; ನಡುವಿನ ಅಳತೆಯದು ಸಿಕ್ಕುವುದು ಅಪರೂಪ. ದೊಡ್ಡ ತಲೆಯೊಳಗೆ ತುಂಬಿರುವುದು ಹೆಚ್ಚಾಗಿ ಬುದ್ಧಿಯಲ್ಲ, ದವಡೆಯನ್ನು ಎಳೆಯುವ ಸ್ನಾಯು. ಕಾಳು ತಿನ್ನುವ ಪ್ರಭೇದಗಳಲ್ಲಿ ಅದು ಒಡೆಯುವ ಯಂತ್ರ: ಸಣ್ಣವು ಕಾಳನ್ನು ತರುತ್ತವೆ, ದೊಡ್ಡದು ಅರೆಯುತ್ತದೆ. ಶತ್ರು ಬಂದಾಗ ಅದೇ ದವಡೆ ಶತ್ರುವಿನ ಕಾಲನ್ನು ಕತ್ತರಿಸುತ್ತದೆ. ಅಜ್ಜನವರು ಸಿಪಾಯಿಯೆಂದರು, ಬೀಸುವ ಕಲ್ಲು ಎಂದಿದ್ದರೂ ಒಪ್ಪುತ್ತಿತ್ತು.

ಮನೆಯ ಜಗುಲಿಯ ಮೇಲೆ ಓಡಾಡುವ ಕಪ್ಪು ಗೊದ್ದವನ್ನು ಎಲ್ಲರೂ ಬಲ್ಲರು. ಶಾಸ್ತ್ರದಲ್ಲಿ ಇದು ಕ್ಯಾಂಪನೋಟಸ್ ಕಂಪ್ರೆಸಸ್. 1787ರಲ್ಲಿ ಫೆಬ್ರೀಷಿಯಸ್ ಎಂಬ ಡೆನ್ಮಾರ್ಕಿನ ವಿದ್ವಾಂಸ ಇದನ್ನು ವರ್ಣಿಸಿದ. ಗೊದ್ದದಲ್ಲಿ ಎರಡು ಅಚ್ಚುಗಳಿಲ್ಲ, ಒಂದು ಏಣಿಯೇ ಇದೆ. ಗೂಡಿನ ಬಳಿ ಬಿಳಿಯ ಕಾಗದದ ಮೇಲೆ ಒಂದು ಚೂರು ಬೆಲ್ಲವಿಟ್ಟು ಕಾದರೆ, ಅತಿ ಸಣ್ಣದರಿಂದ ಅದರ ಎರಡರಷ್ಟು ಉದ್ದದ ಭಾರಿ ತಲೆಯದರವರೆಗೆ ಎಲ್ಲ ಮೆಟ್ಟಿಲುಗಳೂ ಬಂದು ಸೇರುವುದನ್ನು ವಾಚಕರೇ ನೋಡಬಹುದು. ಯಜಮಾನರ ಹೊಲದಲ್ಲಿ ರಾಗಿಯ ಜೊತೆ ಅಕ್ಕಡಿ ಸಾಲಿಗೆ ಹಾಕಿದ್ದ ಅವರೆ ಇನ್ನೂ ನಿಂತಿತ್ತು. ಅದರ ಎಳೆ ಕುಡಿಗಳಿಗೆ ಕಪ್ಪು ಹೇನು ಹತ್ತಿತ್ತು. ಹೇನಿನ ಬಳಿ ಗೊದ್ದಗಳ ಕಾವಲು. ಗೊದ್ದ ತನ್ನ ಮೀಸೆಯಿಂದ ಹೇನಿನ ಬೆನ್ನನ್ನು ತಟ್ಟಿದರೆ ಹೇನು ಒಂದು ತೊಟ್ಟು ಸಿಹಿರಸವನ್ನು ಬಿಡುತ್ತದೆ. ಹಸುವನ್ನು ಕರೆಯುವುದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

“ಔಷಧ ಹೊಡುದ್ರೆ ಇರುವೆ ಹೋಯ್ತವಾ ಸ್ವಾಮಿ?” ಎಂದು ಅವರು ಕೇಳಿದರು. ಗಿಡದ ಮೇಲಿರುವವು ಸಾಯುತ್ತವೆ. ಆದರೆ ಇರುವೆಗಳಲ್ಲಿ ಅಳತೆಯಂತೆ ವಯಸ್ಸೂ ಕೆಲಸವನ್ನು ಹಂಚುತ್ತದೆ: ಹೊಸದಾಗಿ ಹೊರಬಂದದ್ದು ಗೂಡಿನೊಳಗೆ ದಾದಿ, ವಯಸ್ಸಾದಂತೆ ಬಾಗಿಲಿನ ಕಡೆಗೆ ಸರಿದು, ಕೊನೆಗಾಲದಲ್ಲಿ ಹೊರಗಿನ ಅಪಾಯದ ದುಡಿಮೆಗೆ ಇಳಿಯುತ್ತದೆ. ನಮ್ಮ ಕಣ್ಣಿಗೆ ಬೀಳುವುದೆಲ್ಲ ಹೆಚ್ಚಾಗಿ ಸಾಯುವ ಕಾಲ ಸಮೀಪಿಸಿದ ಮುದುಕಿಯರು. ಅವರನ್ನು ಕೊಂದರೆ ರಾಣಿಗಾಗಲಿ ತೊಟ್ಟಿಲಿಗಾಗಲಿ ಏನೂ ಆಗುವುದಿಲ್ಲ. ಅದರ ಬದಲು ಹೇನನ್ನು ತಿನ್ನುವ ಗುಲಗಂಜಿ ಹುಳುಗಳು ಔಷಧಕ್ಕೆ ಬಲಿಯಾದಾವು. ಹೇನು ಹೋದರೆ ಗೊದ್ದ ತಾನಾಗಿಯೇ ಹೋಗುತ್ತದೆ ಎಂದು ನಾವು ಹೇಳಿದ್ದು ಅವರಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ.

ಅರಕಲಗೂಡು, ಹಾಸನ ತಾಲ್ಲೂಕುಗಳ ಪಶ್ಚಿಮದ ಮಾವಿನ ಮರಗಳಲ್ಲಿ ಎಲೆಗಳನ್ನು ಹೆಣೆದು ಗೂಡು ಮಾಡುವ ಚಗಳಿಯದು ಇನ್ನೊಂದು ರೀತಿ. ಸಕಲೇಶಪುರದ ಕಡೆ ಇದರ ಚಟ್ನಿಯನ್ನು ಉಂಡವರಿಗೆ ಇದರ ಹುಳಿ ಗೊತ್ತು. ಹೊರಗೆ ಓಡಾಡಿ ಬೇಟೆಯಾಡುವವು, ಮರ ಮುಟ್ಟಿದವರನ್ನು ಕಚ್ಚುವವು ದೊಡ್ಡವು. ಅವುಗಳ ಅರ್ಧದಷ್ಟಿರುವ ಸಣ್ಣವು ಗೂಡಿನೊಳಗೆ ಮೊಟ್ಟೆ ಮರಿಗಳನ್ನು ನೋಡಿಕೊಳ್ಳುತ್ತವೆ. ಹೆಣೆಯುವಾಗ ದೊಡ್ಡವು ಸಾಲಾಗಿ ನಿಂತು ಎಲೆಯ ಅಂಚುಗಳನ್ನು ಎಳೆದು ಹಿಡಿಯುತ್ತವೆ. ಬೇರೆ ಕೆಲವು ಮರಿಹುಳುಗಳನ್ನೇ ಬಾಯಲ್ಲಿ ಕಚ್ಚಿ ತಂದು, ನೇಕಾರ ಲಾಳಿಯನ್ನು ಆಡಿಸಿದಂತೆ ಆಚೆಗೀಚೆಗೆ ಆಡಿಸುತ್ತವೆ. ನೂಲು ಮರಿಯದು. ಅದನ್ನೆಲ್ಲ ಮನೆಗಾಗಿ ಕೊಟ್ಟ ಮರಿಗೆ ತನ್ನ ಕೋಶಕ್ಕೆಂದು ನೂಲು ಉಳಿಯುವುದಿಲ್ಲ. ಅದು ಬರಿಮೈಯಲ್ಲಿಯೇ ಕೋಶಾವಸ್ಥೆಯನ್ನು ಕಳೆಯುತ್ತದೆ.

ಆದರೆ ಈ ಎಲ್ಲವನ್ನೂ ಮೀರಿಸಿದ್ದು ಕ್ಯಾರೆಬಾರ ಡೈವರ್ಸ. ಮದರಾಸು ಸೇನೆಯ ವೈದ್ಯನಾಗಿದ್ದ ಜರ್ಡನ್ 1851ರಲ್ಲಿ ದಕ್ಷಿಣ ಭಾರತದ ಇರುವೆಗಳ ಪಟ್ಟಿಯನ್ನು ಪ್ರಕಟಿಸಿದಾಗ ಇದನ್ನು ವರ್ಣಿಸಿ, ‘ನಾನಾ ತೆರನಾದದ್ದು’ ಎಂಬ ಅರ್ಥದ ಹೆಸರನ್ನು ಕೊಟ್ಟ. ಇದನ್ನು ಕೊಳ್ಳೆಯ ಇರುವೆ ಎನ್ನೋಣ, ಏಕೆಂದರೆ ಇದು ದಂಡು ಕಟ್ಟಿಕೊಂಡು ಹೊರಟು ಸಿಕ್ಕಿದ ಹುಳು, ಕಾಳು, ಹಣ್ಣು ಎಲ್ಲವನ್ನೂ ದೋಚುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಮಾರ್ಕ್ ಮೊಫೆಟ್ 1980ರ ದಶಕದ ಆದಿಯಲ್ಲಿ ನಮ್ಮ ಸುಳ್ಯದಲ್ಲಿ ಇದನ್ನು ಕಂಡು, ಆಮೇಲೆ ಆಗ್ನೇಯ ಏಷ್ಯದಲ್ಲಿಯೂ ಬೆನ್ನು ಹತ್ತಿ ಅಭ್ಯಾಸ ಮಾಡಿದರು. ಅತಿ ದೊಡ್ಡದರ ತಲೆ ಅತಿ ಸಣ್ಣದರ ತಲೆಯ ಹತ್ತರಷ್ಟು ಅಗಲ; ತೂಕ ಐನೂರರಷ್ಟು! ಐವತ್ತು ಕಿಲೋ ತೂಗುವ ಹೆಂಗಸಿಗೆ 25,000 ಕಿಲೋ ತೂಗುವ ಒಡಹುಟ್ಟಿದವಳಿರುವಳೆಂದು ಭಾವಿಸಿ. ಐದಾರು ಆನೆಗಳನ್ನು ತಕ್ಕಡಿಯ ಇನ್ನೊಂದು ಕಡೆ ಇಡಬೇಕಾದೀತು. ಗೂಡಿನ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಸಣ್ಣವೇ. ಬೇಟೆಯ ಮೇಲೆ ಮೊದಲು ಬಿದ್ದು, ಕೈಕಾಲು ಹಿಡಿದು ಅಲುಗದಂತೆ ಮಾಡುವವು ಅವು. ಆಮೇಲೆ ದೊಡ್ಡದು ಬಂದು ಜಜ್ಜುತ್ತದೆ. ಉಳಿದ ಹೊತ್ತಿನಲ್ಲಿ ಈ ದೈತ್ಯೆ ದಾರಿಯ ಮೇಲಿನ ಕಡ್ಡಿಕಸವನ್ನು ತೆಗೆದು ರಸ್ತೆ ಸಮ ಮಾಡುತ್ತಾಳೆ. ಸಣ್ಣವು ಅವಳ ಬೆನ್ನ ಮೇಲೆ ಕುಳಿತು ಸವಾರಿ ಮಾಡುವುದೂ ಉಂಟು. ತೆಂಗಿನ ತೋಟದ ತೇವದ ನೆಲದಲ್ಲಿ, ಇಕ್ಕೆಲಗಳಲ್ಲಿ ಮಣ್ಣಿನ ಗೋಡೆ ಎಬ್ಬಿಸಿದ ಇರುವೆದಾರಿ ಕಂಡರೆ ಒಂದು ಭೂತಗನ್ನಡಿ ಹಿಡಿದು ಕಾಯುವುದು ವ್ಯರ್ಥವಾಗದು.

ಈಗ ಅಜ್ಜನವರ ಮಾತಿಗೆ ಬರೋಣ. “ಹುಟ್ತಲೇ ಹಂಗೆ.” ಇಂಗ್ಲಿಷಿನಲ್ಲಿ ಬರೆಯುವ ವಿಜ್ಞಾನಿಗಳೂ ಇರುವೆಗಳ ಈ ಬಗೆಗಳಿಗೆ ನಮ್ಮ ದೇಶದ ಜಾತಿಪದ್ಧತಿಗೆ ಹೇಳುವ ‘ಕಾಸ್ಟ್’ ಎಂಬ ಶಬ್ದವನ್ನೇ ಹಚ್ಚಿದರು, ನಮ್ಮವರು ಅದನ್ನು ‘ಜಾತಿ’ ಎಂದು ಕನ್ನಡಿಸಿದರು. ಇದು ದುರದೃಷ್ಟದ ಅನುವಾದವೆಂದು ನಮ್ಮ ಅಭಿಪ್ರಾಯ. ಜಾತಿಯೆಂದೊಡನೆ ತಂದೆತಾಯಿಗಳಿಂದ ಮಕ್ಕಳಿಗೆ ಇಳಿದುಬರುವ ಮುದ್ರೆ ಎಂಬ ಅರ್ಥ ಮನಸ್ಸಿಗೆ ಬರುತ್ತದೆ. ಇರುವೆಯ ಗೂಡಿನಲ್ಲಿ ಸಿಪಾಯಿಯ ಮಗಳು ಸಿಪಾಯಿಯಾಗುವುದು ಸಾಧ್ಯವೇ ಇಲ್ಲ. ಸಾಮಾನ್ಯವಾಗಿ ಸಿಪಾಯಿಗೆ ಮಗಳೇ ಇಲ್ಲ. ಎಲ್ಲರೂ ರಾಣಿಯ ಮಕ್ಕಳು.

ಹಾಗಾದರೆ ಒಬ್ಬಳ ತಲೆ ದೊಡ್ಡದಾಗುವುದು ಹೇಗೆ? ಬಹುಪಾಲು ಉತ್ತರ ತೊಟ್ಟಿಲಿನಲ್ಲಿದೆ. ಒಂದೇ ಬಗೆಯ ಮೊಟ್ಟೆಗಳಿಂದ ಬಂದ ಮರಿಹುಳುಗಳಲ್ಲಿ ಕೆಲವಕ್ಕೆ ದಾದಿಯರು ಹೆಚ್ಚು ಉಣ್ಣಿಸುತ್ತಾರೆ. ಚೆನ್ನಾಗಿ ಉಂಡ ಮರಿಯಲ್ಲಿ ಜೂವನೈಲ್ ಹಾರ್ಮೋನು ಎಂಬ ರಸದ ಪ್ರಮಾಣ ಏರುತ್ತದೆ. ಮರಿಹುಳುವನ್ನು ಇನ್ನಷ್ಟು ಕಾಲ ಮರಿಹುಳುವಾಗಿಯೇ ಉಳಿಸಿ ಬೆಳೆಯಗೊಡುವುದು ಅದರ ಗುಣ. ಡಯಾನ ವೀಲರ್ ಮತ್ತು ನೈಹೌಟ್ ಎಂಬ ಅಮೆರಿಕದ ವಿಜ್ಞಾನಿಗಳು 1981ರಲ್ಲಿ ಫೈಡೋಲ್ ಮರಿಗಳಿಗೆ ತಕ್ಕ ಹೊತ್ತಿನಲ್ಲಿ ಈ ಹಾರ್ಮೋನಿನ ಮಾದರಿಯದನ್ನು ಲೇಪಿಸಿ ಅವು ಸಿಪಾಯಿಗಳಾಗುವುದನ್ನು ತೋರಿಸಿಕೊಟ್ಟರು. ನಮ್ಮ ಗೊದ್ದದ ಕುಲಕ್ಕೇ ಸೇರಿದ ಫ್ಲಾರಿಡದ ಇರುವೆಯ ಮೇಲೆ 2015ರಲ್ಲಿ ನಡೆದ ಪ್ರಯೋಗದಲ್ಲಿ, ಜೀನನ್ನು ಬದಲಿಸದೆ ಅದರ ಮೇಲೆ ಹತ್ತಿರುವ ರಾಸಾಯನಿಕ ಗುರುತುಗಳನ್ನು ಹೆಚ್ಚು ಕಡಿಮೆ ಮಾಡುವುದರಿಂದಲೇ ದುಡಿಮೆಗಾರರ ಅಳತೆಯನ್ನು ಏರಿಳಿಸಬಹುದೆಂದು ಕಂಡುಬಂತು. ಕೆಲವು ಪ್ರಭೇದಗಳಲ್ಲಿ ತಂದೆಯ ಬಳುವಳಿಯೂ ಸ್ವಲ್ಪ ಕೈಯಾಡಿಸುತ್ತದೆಂಬುದನ್ನು ಮರೆಮಾಚಬಾರದು. ಆದರೆ ಅದು ವಾಲಿಕೆಯೇ ಹೊರತು ಕಟ್ಟಳೆಯಲ್ಲ.

ಗೂಡು ಈ ಲೆಕ್ಕವನ್ನು ಇಟ್ಟುಕೊಳ್ಳುವ ರೀತಿ ಇನ್ನೂ ಸೋಜಿಗದ್ದು. ಫೈಡೋಲ್ ಗೂಡಿನಲ್ಲಿ ಸಿಪಾಯಿಗಳು ಸಾಮಾನ್ಯವಾಗಿ ನೂರಕ್ಕೆ ಐದೋ ಹತ್ತೋ. ಅವು ಹೆಚ್ಚಾದರೆ ಸಾಕುವ ಖರ್ಚು ಹೆಚ್ಚು, ಕಡಿಮೆಯಾದರೆ ಕಾವಲಿಲ್ಲ. ಕೆನಡದ ಮೆಕ್‌ಗಿಲ್ ವಿಶ್ವವಿದ್ಯಾಲಯದ ರಾಜೇಂದ್ರನ್ ರಾಜಕುಮಾರ್, ಎಹಾಬ್ ಅಬೂಹೈಫ್ ಮತ್ತು ಸಂಗಡಿಗರು 2018ರಲ್ಲಿ ಒಂದು ಗುಟ್ಟನ್ನು ಹೊರಗೆಡವಿದರು. ಸಿಪಾಯಿಗೆ ರೆಕ್ಕೆಯಿಲ್ಲ, ಆದರೂ ಸಿಪಾಯಿಯಾಗಲಿರುವ ಮರಿಯಲ್ಲಿ ರೆಕ್ಕೆಯ ಮೊಳಕೆಯೊಂದು ಸ್ವಲ್ಪ ಕಾಲ ಮೂಡಿ ಮಾಯವಾಗುತ್ತದೆ. ಹಿಂದಿನವರು ಇದನ್ನು ನಿರುಪಯೋಗಿ ಅವಶೇಷವೆಂದು ತಳ್ಳಿಹಾಕಿದ್ದರು. ಆ ಮೊಳಕೆಯನ್ನು ಕುಗ್ಗಿಸಿದರೆ ತಲೆಯೂ ಕುಗ್ಗಿತು! ಗೂಡಿನಲ್ಲಿ ಆಗಲೇ ಸಾಕಷ್ಟು ಸಿಪಾಯಿಗಳಿದ್ದರೆ ಅವುಗಳ ಮೈಯಿಂದ ಬರುವ ವಸ್ತುವೊಂದು ಮರಿಗಳಲ್ಲಿ ಈ ಮೊಳಕೆ ಬೆಳೆಯದಂತೆ ತಡೆಯುತ್ತದೆ. ಅಂದರೆ ಒಂದು ಮರಿ ಏನಾಗಬೇಕೆಂಬುದು ಆ ದಿನ ಗೂಡಿನಲ್ಲಿ ಯಾರೆಷ್ಟು ಮಂದಿಯಿದ್ದಾರೆ ಎಂಬುದರ ಮೇಲೆ ನಿಂತಿದೆ.

ಅಳತೆ ನಿಗದಿಯಾದ ಮೇಲಾದರೂ ಕೆಲಸ ನಿಗದಿಯಾಯಿತೆ? ಅದೂ ಪೂರ್ತಿ ಅಲ್ಲ. ಇ. ಒ. ವಿಲ್ಸನ್ 1984ರಲ್ಲಿ ಫೈಡೋಲ್ ಗೂಡುಗಳಿಂದ ಸಣ್ಣವನ್ನು ತೆಗೆಯುತ್ತ ಹೋದರು. ಸಣ್ಣವು ದೊಡ್ಡವುಗಳಿಗಿಂತ ಕಡಿಮೆಯಾದಾಗ, ಅಲ್ಲಿಯವರೆಗೆ ಮರಿಗಳ ಕಡೆ ತಿರುಗಿಯೂ ನೋಡದಿದ್ದ ದೊಡ್ಡ ತಲೆಯವು ಒಂದು ಗಂಟೆಯೊಳಗೆ ದಾದಿಯರಾದವು. ಕೈ ಒರಟು, ಕೆಲಸ ನಯವಲ್ಲ, ಆದರೂ ಮರಿಗಳು ಬದುಕಿದವು. 2016ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಅದೇ ಫ್ಲಾರಿಡದ ಇರುವೆಯ ಎಳೆಯ ಸಿಪಾಯಿಗಳ ಮೆದುಳಿಗೆ ಒಂದು ರಾಸಾಯನಿಕವನ್ನು ಚುಚ್ಚಿದಾಗ ಅವು ಕಾವಲನ್ನು ಬಿಟ್ಟು, ಸಣ್ಣವುಗಳಂತೆ ಆಹಾರ ಹುಡುಕಲು ಹೊರಟವು. ವಾರಗಳು ಕಳೆದರೂ ಆ ಅಭ್ಯಾಸ ಹೋಗಲಿಲ್ಲ. ಕೂಲಿಯ ವಿದ್ಯೆ ಸಿಪಾಯಿಯ ತಲೆಯೊಳಗೆ ಮೊದಲಿನಿಂದಲೂ ಮುಚ್ಚಿಟ್ಟಿತ್ತು.

ಘಟ್ಟದ ಕಾಡಂಚಿನಲ್ಲಿ ಜಿಗಿಯುವ ಇರುವೆಯೊಂದುಂಟು, ಹಾರ್ಪಗ್ನಾಥಸ್ ಸಾಲ್ಟೇಟರ್. ಇದನ್ನು ವರ್ಣಿಸಿದವನೂ ಜರ್ಡನನೇ. ಇದರಲ್ಲಿ ದುಡಿಮೆಗಾರರೆಲ್ಲ ಒಂದೇ ಅಳತೆ, ರಾಣಿಯೂ ಹೆಚ್ಚುಕಡಿಮೆ ಅಷ್ಟೇ. ರಾಣಿ ಸತ್ತರೆ ದುಡಿಮೆಗಾರರು ಮೀಸೆಗಳಿಂದ ಹೊಡೆದಾಡಿ, ಗೆದ್ದ ಕೆಲವರು ಮೊಟ್ಟೆಯಿಡತೊಡಗುತ್ತಾರೆ. ಮೇಲು ಕೀಳು ಎಂಬುದು ಅಳತೆಯಿಲ್ಲದೆಯೂ ಇರಬಲ್ಲುದು.

ಮಧ್ಯಾಹ್ನ ಅಜ್ಜನವರು ತೆಂಗಿನ ಬುಡದ ಪಾತಿ ಬಿಡಿಸುತ್ತಿದ್ದಾಗ ಗುದ್ದಲಿಗೆ ಗೊದ್ದದ ಗೂಡಿನ ಅಂಚು ಸಿಕ್ಕಿತು. ಕಪ್ಪು ಇರುವೆಗಳು ಉಕ್ಕಿ ಬಂದವು. ಬಾಯಲ್ಲಿ ಕಚ್ಚಿದ ಬಿಳಿಯ ಗುಳಿಗೆಗಳು. “ಮೊಟ್ಟೆ!” ಎಂದ ಹುಡುಗ. ಜನರೆಲ್ಲ ಹಾಗೆಯೇ ಕರೆಯುತ್ತಾರೆ. ಅವು ಮೊಟ್ಟೆಗಳಲ್ಲ, ನೂಲಿನ ಕೋಶಗಳು. ನಿಜವಾದ ಮೊಟ್ಟೆ ಇವಕ್ಕಿಂತ ಬಹಳ ಸಣ್ಣದು. ಕೋಶಗಳು ಒಂದೇ ಅಳತೆಯವೋ ನೋಡು ಎಂದೆವು. ಅವನು ಮೂಗು ನೆಲಕ್ಕೆ ತಾಗುವಷ್ಟು ಬಗ್ಗಿದ. ಕೆಲವು ಅಕ್ಕಿಯ ಕಾಳಿನಷ್ಟು, ಕೆಲವು ಅದರ ಎರಡರಷ್ಟು, ನಡುವಿನವೂ ಇದ್ದವು. ದೊಡ್ಡ ಕೋಶದಿಂದ ದೊಡ್ಡ ತಲೆಯದೇ ಹೊರಬರಬೇಕು. ಆ ಲೆಕ್ಕ ಒಳಗೆ ಆಗಲೇ ಮುಗಿದಿತ್ತು.

ಅಷ್ಟರಲ್ಲಿ ಸಣ್ಣದೊಂದು ಗೊದ್ದ ತನಗಿಂತ ಉದ್ದವಾದ ಕೋಶವನ್ನು ಹಿಮ್ಮುಖವಾಗಿ ಎಳೆಯುತ್ತ, ಮಣ್ಣಿನ ಹೆಂಟೆಯೊಂದನ್ನು ಹತ್ತಲು ಹವಣಿಸಿತು. ಎರಡು ಸಲ ಜಾರಿತು. ಮೂರನೆಯ ಸಲ ಹತ್ತಿ, ಆ ಕಡೆ ಇಳಿದು, ಬಿರುಕಿನೊಳಗೆ ನುಸುಳಿತು.

“ತಾತ,” ಎಂದ ಹುಡುಗ, “ಆ ಸಣ್ಣದು ಸಿಪಾಯೀನ ಎತ್ಕಂಡ್ ಹೋಯ್ತು.”

ಅಜ್ಜನವರು ಗುದ್ದಲಿಯನ್ನು ಪಕ್ಕಕ್ಕಿಟ್ಟು, ಆ ಕಡೆಯ ಪಾತಿಯನ್ನು ನಾಳೆ ಬಿಡಿಸಿದರಾಯಿತೆಂದು ಬೇರೆ ಮರದ ಕಡೆ ಹೋದರು.